ಕಿತ್ತಳೆ ಚುಕ್ಕೆಯ ಕಪ್ಪು ಬಾವುಟ

ಕುಂಬಳೆ ಸಮೀಪದ ಮೊಗ್ರಾಲಿನ ಮೂಸಾ ಶರೀಫ್ ಅವರ ಹೆಸರು ಈ ಪುಟದ ಓದುಗರಿಗೆ ಹೊಸತಲ್ಲ. ರಾಷ್ಟ್ರೀಯ ಕಾರ್ ರ‍್ಯಾಲಿಯಲ್ಲಿ ಹಲವು ಬಾರಿ ಚಾಂಪಿಯನ್ ಆದ ನ್ಯಾವಿಗೇಟರ್ ಅವರು. ದೇಶದ ಹೆಸರಾಂತ ರ‍್ಯಾಲಿ ಚಾಲಕ ಗೌರವ್ ಗಿಲ್ ಅವರ ಪಕ್ಕದ ಸೀಟಿನಲ್ಲಿ ಕೂತು ಗೆದ್ದವರು. ನ್ಯಾವಿಗೇಟರ್ ಸ್ಟಿಯರಿಂಗ್ ಹಿಡಿಯುವುದಿಲ್ಲ. ಮುಂದಿನ ತಿರುವು ಎಷ್ಟು ಚೂಪು, ಎಲ್ಲಿ ಹೊಂಡ, ಎಲ್ಲಿ ಏರು ಎಂದು ಮೊದಲೇ ಬರೆದಿಟ್ಟ ಟಿಪ್ಪಣಿಯನ್ನು ಓದಿ ಚಾಲಕನಿಗೆ ಹೇಳುವುದು, ಗಡಿಯಾರ ನೋಡಿಕೊಳ್ಳುವುದು ಅವರ ಕೆಲಸ.

ಇದರ ಜೊತೆಗೆ ಇನ್ನೊಂದು ಕೆಲಸವೂ ಇದೆ, ಅದು ಫೋಟೋದಲ್ಲಿ ಬರುವುದಿಲ್ಲ. ರ‍್ಯಾಲಿಯಲ್ಲಿ ರಿಪೇರಿಗೆಂದು ಗೊತ್ತುಮಾಡಿದ ಜಾಗದ ಹೊರಗೆ ಕಾರು ಕೆಟ್ಟರೆ ಒಳಗಿರುವ ಇಬ್ಬರೇ ಇಳಿದು, ಕಾರಿನಲ್ಲಿ ಹೊತ್ತು ತಂದ ಸಾಮಾನಿನಿಂದಲೇ ಸರಿಮಾಡಿಕೊಳ್ಳಬೇಕು. ಮೆಕ್ಯಾನಿಕ್ ಬಂದು ಕೈ ಹಚ್ಚುವಂತಿಲ್ಲ. ಮುಂದಿನ ಕಂಟ್ರೋಲಿಗೆ ತಡವಾಗಿ ಹೋದರೆ ನಿಮಿಷಕ್ಕೆ 10 ಸೆಕೆಂಡಿನಂತೆ ದಂಡ. ಕಪ್ ಎತ್ತಿ ಹಿಡಿದ ಚಿತ್ರ ಪೇಪರಿನಲ್ಲಿ ಬರುತ್ತದೆ. ಕೆಸರಿನಲ್ಲಿ ಮಂಡಿಯೂರಿ ಸ್ಪ್ಯಾನರ್ ತಿರುಗಿಸಿದ ಹತ್ತು ನಿಮಿಷ ಎಲ್ಲೂ ಬರುವುದಿಲ್ಲ.

ಇವತ್ತು ಹೇಳಹೊರಟಿದ್ದು ಆ ಹತ್ತು ನಿಮಿಷದ ಕಥೆ. ಅದರಲ್ಲೂ ಪ್ರಾಯೋಜಕರಿಲ್ಲದೆ, ಸ್ವಂತ ದುಡ್ಡು ಹಾಕಿ, ವಾರದ ಕೊನೆಗೆ ರೇಸಿಗೆ ಹೋಗುವ ಹವ್ಯಾಸಿಗಳ ಕಥೆ.

ಹವ್ಯಾಸಿ ಹೋಗುವುದು ಎಲ್ಲಿಗೆ?

ಇಲ್ಲಿ ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ ಕಡೆ ಎರಿ ಭೂಮಿ. ಮಳೆ ಬಿದ್ದರೆ ಟ್ರ್ಯಾಕ್ಟರಿನ ಗಾಲಿಗೂ ಮಣ್ಣು ಮೆತ್ತಿಕೊಂಡು ನಿಂತುಬಿಡುತ್ತದೆ. ಇಂಥ ಊರುಗಳ ಹುಡುಗರ ಮೊಬೈಲಿನಲ್ಲೂ ಇವತ್ತು ಫಾರ್ಮುಲಾ ಒನ್ ಓಡುತ್ತಿದೆ. ‘ರೇಸಿಗೆ ಹೋಗಬೇಕಂದ್ರ ಎಲ್ಲಿಗೆ ಹೋಗಬೇಕ್ರಿ?’ ಅಂತ ಕೇಳುವವರಿದ್ದಾರೆ.

ಕಾಡು, ತೋಟ, ಮಣ್ಣಿನ ದಾರಿಯ ರ‍್ಯಾಲಿ ನಮ್ಮ ರಾಜ್ಯದಲ್ಲೇ ನಡೆಯುತ್ತದೆ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನ ಕೆ-1000, ಚಿಕ್ಕಮಗಳೂರಿನ ಕಾಫಿ ತೋಟಗಳ ರ‍್ಯಾಲಿ ಹೆಸರಾದವು. ಡಾಂಬರು ಟ್ರ್ಯಾಕಿನ ರಾಷ್ಟ್ರೀಯ ರೇಸಿಗೆ ಕರ್ನಾಟಕದ ಹೆಚ್ಚಿನ ಹವ್ಯಾಸಿಗಳು ಹೋಗುವುದು ತಮಿಳುನಾಡಿಗೆ. ಒಂದು, ಚೆನ್ನೈ ಬಳಿ ಶ್ರೀಪೆರಂಬುದೂರಿನ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಇದನ್ನು 1990ರಲ್ಲಿ ಶುರುಮಾಡಿತು. ಉದ್ದ 3.7 ಕಿ.ಮೀ. ಅದಕ್ಕೂ ಮೊದಲು ರೇಸ್ ನಡೆಯುತ್ತಿದ್ದದ್ದು ಎರಡನೇ ಮಹಾಯುದ್ಧ ಕಾಲದ ಶೋಳಾವರಂ ವಿಮಾನ ಓಡುದಾರಿಯಲ್ಲಿ. ಇನ್ನೊಂದು, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ.

ಈ ‘ಕರಿ’ ಅಂದರೆ ಎಸ್. ಕರಿವರ್ಧನ್. ಕೊಯಮತ್ತೂರಿನ ಈ ಮನುಷ್ಯ 1980ರ ದಶಕದ ಕೊನೆಗೆ ಒಂದು ಉಪಾಯ ಮಾಡಿದರು. ವಿದೇಶಿ ರೇಸ್ ಕಾರು ಕೊಳ್ಳುವುದು ಸಾಮಾನ್ಯರ ಕೈಲಿ ಆಗದ ಮಾತು. ಹಾಗಾಗಿ ನಮ್ಮ ಬೀದಿಯ ಮಾರುತಿ 800ರ ಎಂಜಿನ್ನನ್ನೇ ಹಾಕಿ, ಒಬ್ಬರೇ ಕೂರುವ ‘ಫಾರ್ಮುಲಾ ಮಾರುತಿ’ ಎಂಬ ರೇಸ್ ಕಾರು ಮಾಡಿಸಿದರು. ಊರ ಗ್ಯಾರೇಜಿನವನಿಗೂ ಗೊತ್ತಿರುವ ಎಂಜಿನ್, ಎಲ್ಲಿ ಬೇಕಾದರೂ ಸಿಗುವ ಸ್ಪೇರ್. 1995ರಲ್ಲಿ ಕರಿವರ್ಧನ್ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆದರೆ ಅವರು ತೋರಿಸಿದ ದಾರಿ ಉಳಿಯಿತು. ಎಷ್ಟೋ ಹವ್ಯಾಸಿಗಳು ಕಡಿಮೆ ಖರ್ಚಿನ ಆ ಕಾರುಗಳಲ್ಲೇ ರೇಸಿನ ಮೊದಲ ಪಾಠ ಕಲಿತರು.

ಮುಚ್ಚಿದ ಕಾರುಗಳ ವರ್ಗದಲ್ಲಿ ಹವ್ಯಾಸಿಯ ಮೆಚ್ಚಿನ ಗಾಡಿ ಬಹಳ ವರ್ಷ ಮಾರುತಿ ಎಸ್ಟೀಮ್. 1300 ಸಿಸಿ ಎಂಜಿನ್, ಹಗುರ ಮೈ. ಕಾರಿನ ಉತ್ಪಾದನೆ ನಿಂತು ಎಷ್ಟೋ ವರ್ಷವಾದರೂ ಟ್ರ್ಯಾಕಿನಲ್ಲಿ ಅದು ನಿಲ್ಲಲಿಲ್ಲ. ಹಳೇ ಗಾಡಿ ಅಂದ ಮೇಲೆ ಅದರ ಕಾಯಿಲೆಗಳೂ ಹಳೆಯವೇ. ಹುಬ್ಬಳ್ಳಿಯಿಂದ ಬೆಂಗಳೂರು ದಾಟಿ ಶ್ರೀಪೆರಂಬುದೂರಿಗೆ ಸುಮಾರು 700 ಕಿ.ಮೀ. ಅಷ್ಟು ದೂರ ಕಾರನ್ನು ಹೊತ್ತೊಯ್ದು, ಮೂರು ದಿನ ಕಾಯಿಲೆ ನೋಡಿಕೊಂಡು ವಾಪಸ್ ಬರುವುದೇ ಎಷ್ಟೋ ಹವ್ಯಾಸಿಗಳ ಪಾಡು. ಆ ಮೂರು ದಿನ ಏನಾಗುತ್ತದೆ ನೋಡೋಣ.

ಶುಕ್ರವಾರ: ಓಡುವ ಮೊದಲೇ ಪರೀಕ್ಷೆ

ಟ್ರ್ಯಾಕಿಗೆ ಇಳಿಯುವ ಮುಂಚೆ ಕಾರು ಸ್ಕ್ರೂಟಿನಿಗೆ ಹೋಗಬೇಕು. ಅಲ್ಲಿ ಅಧಿಕಾರಿಗಳು ಕೇಳುವುದು ಕಾರು ಎಷ್ಟು ಸ್ಪೀಡ್ ಹೋಗುತ್ತದೆ ಅಂತಲ್ಲ. ಸೀಟ್ ಬೆಲ್ಟಿನ ಅವಧಿ ಮುಗಿದಿದೆಯಾ? ಹೆಲ್ಮೆಟ್ ಮಾನ್ಯತೆ ಇರುವುದಾ? ಕಾರು ಪಲ್ಟಿಯಾದರೆ ಮಾಡು ಕುಸಿಯದಂತೆ ಒಳಗೆ ಕಬ್ಬಿಣದ ಪೈಪಿನ ಪಂಜರ ಗಟ್ಟಿಯಿದೆಯಾ? ಬ್ಯಾಟರಿ ಅಲುಗಾಡುತ್ತಿದೆಯಾ? ಬೆಂಕಿ ನಂದಿಸುವ ಸಿಲಿಂಡರ್ ಎಲ್ಲಿ? ಹೊರಗಿನಿಂದಲೇ ಕರೆಂಟ್ ಕಡಿಯುವ ಸ್ವಿಚ್ ಕೆಲಸ ಮಾಡುತ್ತದಾ? ಎಲ್ಲಿಂದಾದರೂ ಎಣ್ಣೆ ಸೋರುತ್ತಿದೆಯಾ?

ಒಂದು ತಪ್ಪಿದರೂ ಸ್ಟಿಕ್ಕರ್ ಸಿಗುವುದಿಲ್ಲ. ಸ್ಟಿಕ್ಕರ್ ಇಲ್ಲದ ಕಾರು ಟ್ರ್ಯಾಕಿಗೆ ಇಳಿಯುವಂತಿಲ್ಲ. ಲಕ್ಷ ಲಕ್ಷ ಖರ್ಚು ಮಾಡಿ ಎಂಜಿನ್ ಏರಿಸಿ ತಂದವನು ಒಂದು ಹಳೇ ಬೆಲ್ಟಿಗಾಗಿ ಶುಕ್ರವಾರ ಇಡೀ ಓಡಾಡುವುದುಂಟು. ಯಾರ ವಶೀಲಿಯೂ ಅಲ್ಲಿ ನಡೆಯಬಾರದು. ಯಾಕೆಂದರೆ ಅವನ ಕಾರಿನ ಸೋರುವ ಎಣ್ಣೆಯ ಮೇಲೆ ಜಾರುವವನು ಹಿಂದಿನಿಂದ ಬರುವ ಇನ್ನೊಬ್ಬ ಬಡಪಾಯಿ.

ಶನಿವಾರ: ಬಿಸಿಯ ಆಟ

ಪ್ರಾಕ್ಟೀಸ್, ಆಮೇಲೆ ಕ್ವಾಲಿಫೈಯಿಂಗ್. ಚೆನ್ನೈ ಕಡೆಯ ಬಿಸಿಲು ಹೇಳಬೇಕಾಗಿಲ್ಲ. ರಸ್ತೆಯಲ್ಲಿ ಕಾರಿನ ಎಂಜಿನ್ ಪೂರ್ತಿ ದುಡಿಯುವುದು ಅಪರೂಪ. ಟ್ರ್ಯಾಕಿನಲ್ಲಿ ಅದು ಸುತ್ತಿನ ಬಹುಪಾಲು ಪೂರ್ತಿ ದುಡಿಯುತ್ತದೆ. ರೇಡಿಯೇಟರಿನಲ್ಲಿ ಕಸ ಕಟ್ಟಿದ್ದರೆ, ಮುಚ್ಚಳ ಸಡಿಲವಿದ್ದರೆ, ಹೋಸ್ ಪೈಪಿನ ಕ್ಲಿಪ್ ಸವೆದಿದ್ದರೆ ಊರಲ್ಲಿ ಗೊತ್ತಾಗದ ಆ ದೋಷ ಇಲ್ಲಿ ಐದು ಸುತ್ತಿನಲ್ಲಿ ಹೊರಬೀಳುತ್ತದೆ. ಬಿಸಿ ಮುಳ್ಳು ಮೇಲೇರುತ್ತದೆ. ಅದನ್ನು ನೋಡಿಯೂ ನೋಡದ ಹಾಗೆ ಒತ್ತಿದರೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಿ ಗ್ಯಾಸ್ಕೆಟ್ ಹೋಗುತ್ತದೆ. ಅಲ್ಲಿಗೆ ವಾರಾಂತ್ಯ ಮುಗಿಯಿತು.

ಇನ್ನು ಬ್ರೇಕು. ಇದನ್ನು ಅರ್ಥಮಾಡಿಕೊಳ್ಳಲು ಚೆನ್ನೈಗೆ ಹೋಗಬೇಕಾಗಿಲ್ಲ. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ದಾಟಿ ಅಂಕೋಲಾಕ್ಕೆ ಇಳಿಯುವ ಅರಬೈಲ್ ಘಟ್ಟ ಕರಾವಳಿಯ ನಮ್ಮ ಲಾರಿಯವರಿಗೆ ಚೆನ್ನಾಗಿ ಗೊತ್ತು. ಈರುಳ್ಳಿ, ಮೆಣಸಿನಕಾಯಿ ಲೋಡು ಹೊತ್ತ ಲಾರಿ ಗೇರ್ ಇಳಿಸದೆ ಬರೀ ಬ್ರೇಕಿನ ಮೇಲೆ ಇಳಿದರೆ ಅರ್ಧ ದಾರಿಗೆ ಗಾಲಿಯಿಂದ ಸುಟ್ಟ ವಾಸನೆ ಬರುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಟ್ರ್ಯಾಕಿನಲ್ಲೂ ಅದೇ. ಪ್ರತೀ ಸುತ್ತಿನಲ್ಲಿ, ಪ್ರತೀ ದೊಡ್ಡ ತಿರುವಿಗೆ ಮುಂಚೆ ಜೋರಾಗಿ ಬ್ರೇಕ್. ಡಿಸ್ಕ್ ಕಾಯುತ್ತದೆ, ಆ ಕಾವು ಬ್ರೇಕ್ ಎಣ್ಣೆಗೆ ದಾಟುತ್ತದೆ.

ಈ ಬ್ರೇಕ್ ಎಣ್ಣೆಗೆ ಒಂದು ಗುಣವಿದೆ. ಅದು ಗಾಳಿಯಲ್ಲಿನ ನೀರಿನ ಪಸೆಯನ್ನು ಹೀರಿಕೊಳ್ಳುತ್ತದೆ. ಡಾಟ್-4 ಎಂಬ ಎಣ್ಣೆ ಹೊಸದಿದ್ದಾಗ ಕಡಿಮೆಯೆಂದರೂ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬುದು ನಿಯಮ. ಪಸೆ ಹೀರಿ ಹಳತಾದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಎಣ್ಣೆ ಕುದಿದರೆ ಒಳಗೆ ಆವಿಯ ಗುಳ್ಳೆ. ಎಣ್ಣೆ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಚಾಲಕ ಪೆಡಲ್ ತುಳಿದರೆ ಅದು ಸ್ಪಂಜಿನ ಹಾಗೆ ಕೆಳಗೆ ಹೋಗುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಎಷ್ಟು ಪಳಗಿದ ಕೈಯಾದರೂ ಅಲ್ಲಿ ಏನೂ ಮಾಡಲಾಗದು.

ಶನಿವಾರ ರಾತ್ರಿ ಪಿಟ್‌ನಲ್ಲಿ ನಿದ್ದೆಯಿಲ್ಲ. ಒಬ್ಬ ಗೇರ್‌ಬಾಕ್ಸ್ ಇಳಿಸುತ್ತಿರುತ್ತಾನೆ, ಇನ್ನೊಬ್ಬ ಪಕ್ಕದ ತಂಡದಲ್ಲಿ ಕ್ಲಚ್ ಪ್ಲೇಟ್ ಇದೆಯಾ ಅಂತ ಕೇಳಲು ಹೋಗಿರುತ್ತಾನೆ. ನಾಳೆ ತನ್ನನ್ನು ಸೋಲಿಸುವವನಿಗೇ ಇವತ್ತು ರಾತ್ರಿ ಸ್ಪೇರ್ ಕೊಡುವುದು ಹವ್ಯಾಸಿ ರೇಸಿನ ಒಳ್ಳೆಯ ರೂಢಿ. ಸಿಗದಿದ್ದರೆ ಚೆನ್ನೈನ ಪುದುಪೇಟೆಯಲ್ಲಿ ಹಳೇ ಗಾಡಿಗಳ ಬಿಡಿಭಾಗದ ದೊಡ್ಡ ಬಜಾರೇ ಇದೆ. ಅಂಗಡಿ ಬಾಗಿಲು ತೆರೆದಿರುವಾಗ ಹೋಗಿ ಬಂದರೆ ಪುಣ್ಯ.

ಭಾನುವಾರ: ಬಾವುಟ ಬಂದಾಗ

ರೇಸ್ ಶುರುವಾದ ಮೇಲೆ ಚಾಲಕನ ಜೊತೆ ಮಾತಾಡುವುದು ಬಾವುಟಗಳು. ಹಳದಿ ಬಂದರೆ ಮುಂದೆ ಅಪಾಯ, ಯಾರನ್ನೂ ಹಿಂದಿಕ್ಕಬೇಡ. ಕೆಂಪು ಬಂದರೆ ರೇಸೇ ನಿಂತಿತು. ಹಳದಿ-ಕೆಂಪು ಪಟ್ಟೆಯಿದ್ದರೆ ನೆಲದ ಮೇಲೆ ಎಣ್ಣೆ ಅಥವಾ ನೀರು ಬಿದ್ದಿದೆ, ಜಾರುತ್ತದೆ.

ಇನ್ನೊಂದಿದೆ. ಕಪ್ಪು ಬಾವುಟ, ನಡುವೆ 40 ಸೆಂ.ಮೀ. ಅಗಲದ ಕಿತ್ತಳೆ ಬಣ್ಣದ ದುಂಡು ಚುಕ್ಕೆ. ಅದರ ಜೊತೆ ಒಂದು ಕಾರಿನ ನಂಬರ್ ತೋರಿಸುತ್ತಾರೆ. ಅರ್ಥ ಇಷ್ಟು: ‘ನಿನ್ನ ಕಾರು ಕೆಟ್ಟಿದೆ. ನಿನಗೆ ಗೊತ್ತಾಗದಿರಬಹುದು, ನಮಗೆ ಕಾಣುತ್ತಿದೆ. ನಿನಗೂ ಬೇರೆಯವರಿಗೂ ಅಪಾಯ. ಕೂಡಲೇ ಪಿಟ್‌ಗೆ ಬಾ.’ ಬಂಪರ್ ನೇತಾಡುತ್ತಿರಬಹುದು, ಹಿಂದಿನಿಂದ ಎಣ್ಣೆ ಸೋರುತ್ತಿರಬಹುದು. ಚಾಲಕ ಮೊದಲನೇ ಸ್ಥಾನದಲ್ಲಿದ್ದರೂ ಬರಲೇಬೇಕು.

ಈ ಬಾವುಟದ ದೊಡ್ಡ ಗುಣ ಮತ್ತೊಂದು. ಇದು ಶಿಕ್ಷೆಯಲ್ಲ. ಪಿಟ್‌ಗೆ ಬಂದು ಸರಿಮಾಡಿಸಿಕೊಂಡು, ಪರೀಕ್ಷಿಸುವ ಅಧಿಕಾರಿ ಒಪ್ಪಿದರೆ ಮತ್ತೆ ಟ್ರ್ಯಾಕಿಗೆ ಹೋಗಬಹುದು. ನಿಲ್ಲುವುದು ಸೋಲಲ್ಲ, ದೋಷ ಇದ್ದೂ ನಿಲ್ಲದಿರುವುದೇ ತಪ್ಪು ಎಂಬುದು ಅದರ ಪಾಠ.

ಬಾವುಟ ಬಾರದೆಯೂ ನಿಲ್ಲುವವರಿದ್ದಾರೆ. ಉದ್ದನೆಯ ತಿರುವಿನಲ್ಲಿ ಎಂಜಿನ್ ತಳದ ಎಣ್ಣೆ ಒಂದೇ ಬದಿಗೆ ವಾಲುತ್ತದೆ. ಆಗ ಎಣ್ಣೆ ಹೀರುವ ಪೈಪಿಗೆ ಎಣ್ಣೆಯ ಬದಲು ಗಾಳಿ ಸಿಗುತ್ತದೆ. ಆಯಿಲ್ ದೀಪ ಒಂದು ಕ್ಷಣ ಮಿನುಗಿ ಆರುತ್ತದೆ. ಅನುಭವಿಯಾದವನು ಅಲ್ಲೇ ಎಂಜಿನ್ ಆಫ್ ಮಾಡಿ ಬದಿಗೆ ನಿಲ್ಲಿಸುತ್ತಾನೆ. ಅವನ ಹೆಸರಿನ ಮುಂದೆ ‘ಮುಗಿಸಲಿಲ್ಲ’ ಅಂತ ಬರೆಯುತ್ತಾರೆ. ಆದರೆ ಎಂಜಿನ್ ಉಳಿಯಿತು, ಮುಂದಿನ ತಿಂಗಳ ರೇಸ್ ಉಳಿಯಿತು. ‘ಇನ್ನು ಎರಡೇ ಸುತ್ತು’ ಅಂದುಕೊಂಡು ಹೋದವನ ಎಂಜಿನ್ ಬೇರಿಂಗ್ ಹಿಡಿದು, ಕೆಲವೊಮ್ಮೆ ಬ್ಲಾಕ್ ಒಡೆದು, ಗುಜರಿಗೆ ಹೋಗುತ್ತದೆ.

ದೊಡ್ಡವರಿಗೂ ಬಿಟ್ಟಿದ್ದಲ್ಲ

ಇದು ಬಡ ಹವ್ಯಾಸಿಯ ಕಥೆ ಮಾತ್ರ ಅಂದುಕೊಳ್ಳಬೇಡಿ. ಫ್ರಾನ್ಸಿನ ಲೆ ಮಾನ್‌ನಲ್ಲಿ 24 ಗಂಟೆ ಬಿಡದೆ ಓಡುವ ರೇಸ್ ಇದೆ. 2016ರ ಜೂನ್‌ನಲ್ಲಿ ಟೊಯೊಟಾ ಕಂಪೆನಿಯ ಕಾರು ಅದರಲ್ಲಿ ಮುಂದಿತ್ತು. 23 ಗಂಟೆ 50 ನಿಮಿಷ ದಾಟಿತ್ತು. ಕೊನೆಯ ನಿಮಿಷಗಳಲ್ಲಿ ಕಾರಿನ ಶಕ್ತಿ ಕುಸಿಯಿತು, ಮುಗಿಯುವ ಗೆರೆಯ ಹತ್ತಿರವೇ ನಿಂತುಬಿಟ್ಟಿತು. ಹಿಂದಿದ್ದ ಪೋರ್ಷೆ ಗೆದ್ದಿತು. ಕಾರಣ ಹುಡುಕಿದರೆ ಎಂಜಿನ್ನಿನ ಗಾಳಿ ಪೈಪಿನ ಒಂದು ಜೋಡಣೆ ತುಂಡು ಕೈಕೊಟ್ಟಿತ್ತು. ಜಗತ್ತಿನ ದೊಡ್ಡ ಕಂಪೆನಿ, ನೂರಾರು ಎಂಜಿನಿಯರುಗಳು, ಒಂದು ಸಣ್ಣ ತುಂಡು. ಆ ರೇಸ್ ಗೆಲ್ಲಲು ಟೊಯೊಟಾ 2018ರ ತನಕ ಕಾಯಬೇಕಾಯಿತು.

ಇನ್ನೊಂದು ಘಟನೆಯಲ್ಲಿ ನಮ್ಮ ದೇಶದವರೂ ಇದ್ದಾರೆ. 2005ರ ಜೂನ್ 19ರಂದು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಫಾರ್ಮುಲಾ ಒನ್ ರೇಸ್. ಎರಡು ದಿನ ಮುಂಚೆ ಪ್ರಾಕ್ಟೀಸಿನಲ್ಲಿ ಟಯರ್ ಕೈಕೊಟ್ಟು ರಾಲ್ಫ್ ಶೂಮಾಕರ್ ಅವರ ಕಾರು ಗೋಡೆಗೆ ಬಡಿದಿತ್ತು. ಆ ವೇಗದ ತಿರುವಿನಲ್ಲಿ ತನ್ನ ಟಯರ್ ಸುರಕ್ಷಿತ ಅಂತ ಹೇಳಲಾಗುವುದಿಲ್ಲ ಎಂದು ಮಿಷೆಲಿನ್ ಕಂಪೆನಿ ತಾನೇ ತಿಳಿಸಿತು. ಭಾನುವಾರ 20 ಕಾರುಗಳು ಹೊರಟವು. ರೇಸಿಗೆ ಮುಂಚಿನ ಒಂದು ಸುತ್ತು ಮುಗಿಸಿ 14 ಕಾರುಗಳು ಪಿಟ್‌ಗೆ ತಿರುಗಿದವು. ಓಡಿದ್ದು ಬೇರೆ ಕಂಪೆನಿಯ ಟಯರಿನ ಆರೇ ಕಾರು. ಟಿಕೆಟ್ ಕೊಂಡು ಬಂದ ಜನ ಕೂಗಾಡಿದರು. ಆ ಆರರಲ್ಲಿ ನಾಲ್ಕನೆಯವರಾಗಿ ಬಂದವರು ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್. ಫಾರ್ಮುಲಾ ಒನ್‌ನಲ್ಲಿ ಭಾರತೀಯನೊಬ್ಬನಿಗೆ ಮೊದಲ ಬಾರಿ ಅಂಕ ಸಿಕ್ಕಿತು, 5 ಅಂಕ.

ಆ ದಿನ ಹಣ, ಹೆಸರು, ಜನರ ಸಿಟ್ಟು ಎಲ್ಲಾ ಒಂದು ಕಡೆ ಇತ್ತು. 14 ಚಾಲಕರ ಜೀವ ಇನ್ನೊಂದು ಕಡೆ. ನಿಲ್ಲಿಸಿದ್ದೇ ಸರಿ ಅಂತ ಇವತ್ತು ಯಾರೂ ಒಪ್ಪುತ್ತಾರೆ. ಆ ಹೊತ್ತಿನಲ್ಲಿ ನಿಲ್ಲಿಸುವುದು ಸುಲಭವಿರಲಿಲ್ಲ.

ಗ್ಯಾರೇಜಿನ ಉಸ್ತಾದ್

ನಮ್ಮಲ್ಲಿ ಉಸ್ತಾದ್ ಅಂದರೆ ಮದ್ರಸದಲ್ಲಿ ಕಲಿಸುವವರು. ಹುಬ್ಬಳ್ಳಿಯ ಗ್ಯಾರೇಜುಗಳಲ್ಲಿ ಹೆಡ್ ಮಿಸ್ತ್ರಿಯನ್ನೂ ಹುಡುಗರು ಉಸ್ತಾದ್ ಅಂತಲೇ ಕರೆಯುತ್ತಾರೆ. ಹೆಸರು ಒಂದೇ, ಗೌರವ ಮಾತ್ರ ಒಂದೇ ಅಲ್ಲ. ಶಾಲೆ ಬಿಟ್ಟು ಗ್ಯಾರೇಜ್ ಸೇರಿದ ಹುಡುಗನನ್ನು ‘ಅವ ಓದಲಿಲ್ಲ, ಅದಕ್ಕೇ ಅಲ್ಲಿದ್ದಾನೆ’ ಅಂತ ಮನೆಯವರೇ ತಗ್ಗಿಸಿ ಮಾತಾಡುತ್ತಾರೆ.

ಎಂಜಿನ್ ಶಬ್ದ ಕೇಳಿಯೇ ಎಷ್ಟನೇ ಸಿಲಿಂಡರ್ ಮಿಸ್ ಹೊಡೆಯುತ್ತಿದೆ ಅಂತ ಹೇಳುವ ಕಿವಿ ಸುಮ್ಮನೆ ಬರುವುದಿಲ್ಲ. ರೇಸಿನಲ್ಲಿ ಚಾಲಕ ಒಬ್ಬ, ಅವನ ಹಿಂದೆ ಕೈ ಕಪ್ಪಾದವರು ನಾಲ್ಕೈದು ಜನ. ಅವರಿಲ್ಲದೆ ಕಾರು ಶುಕ್ರವಾರವೇ ಮನೆಗೆ ಹೋಗುತ್ತಿತ್ತು. ಈ ಕೈಕೆಲಸಕ್ಕೆ ಮೇಲೇರುವ ದಾರಿಯೂ ಇದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳೇ ರೇಸ್ ಕಾರು ಕಟ್ಟಿ ತಂದು ಓಡಿಸುವ ‘ಫಾರ್ಮುಲಾ ಭಾರತ್’ ಸ್ಪರ್ಧೆ ಕೊಯಮತ್ತೂರಿನ ಕರಿ ಟ್ರ್ಯಾಕಿನಲ್ಲಿ ನಡೆಯುತ್ತದೆ. ಇಂಥ ವಿದ್ಯಾರ್ಥಿ ಸ್ಪರ್ಧೆಗಳಲ್ಲಿ ಹೆಚ್ಚು ಅಂಕ ಇರುವುದು ಸುಮಾರು 22 ಕಿ.ಮೀ. ಸಹನೆಯ ಓಟಕ್ಕೆ. ನಡುವೆ ಎಂಜಿನ್ ಆಫ್ ಮಾಡಿ ಚಾಲಕರು ಬದಲಾಗಬೇಕು, ಕಾದ ಎಂಜಿನ್ ಮತ್ತೆ ಸ್ಟಾರ್ಟ್ ಆಗಬೇಕು. ಎಷ್ಟೋ ಕಾರು ಅಲ್ಲೇ ನಿಂತುಹೋಗುತ್ತವೆ. ಬರೀ 22 ಕಿ.ಮೀ.! ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವಷ್ಟು ದೂರ. ವರ್ಷವಿಡೀ ದುಡಿದ ಮಕ್ಕಳು ಕಣ್ಣೀರು ಹಾಕುತ್ತಾರೆ. ಮರುದಿನ ಬೋಲ್ಟ್ ಬಿಚ್ಚಿ ಯಾಕೆ ಹೀಗಾಯಿತು ಅಂತ ನೋಡುತ್ತಾರೆ. ಕಲಿಯುವುದು ಅಂದರೆ ಅದು.

‘ನಡೀತೈತಿ ಬಿಡ್ರಿ’

ಈಗ ಟ್ರ್ಯಾಕಿನಿಂದ ನಮ್ಮ ರಸ್ತೆಗೆ ಬರೋಣ.

ಇಲ್ಲಿನ ಗ್ಯಾರೇಜಿಗೆ ಬೈಕ್ ತಂದ ಹುಡುಗ ಹೇಳುತ್ತಾನೆ: ‘ಬ್ರೇಕ್ ಸ್ವಲ್ಪ ಹಿಡೀವಲ್ದ್ರಿ ಉಸ್ತಾದ್ರ, ಆದ್ರ ಗಾಡಿ ನಡೀತೈತಿ. ಮುಂದಿನ ವಾರ ಮಾಡ್ಸೂಣು.’ ಮಿಸ್ತ್ರಿ ಬೇಡ ಅಂದರೂ ಕಿಕ್ ಹೊಡೆದು ಹೊರಟೇಬಿಟ್ಟ. ನಮ್ಮ ಕರಾವಳಿಯಲ್ಲಿ ಇದೇ ಮಾತು ‘ಹೋಗ್ತದೆ ಮಾರಾಯ, ಏನೂ ಆಗುದಿಲ್ಲ’ ಅಂತಾಗುತ್ತದೆ. ಭಾಷೆ ಬೇರೆ, ಧೈರ್ಯ ಒಂದೇ. ಅದನ್ನು ಧೈರ್ಯ ಅನ್ನುವುದಾದರೆ.

ಹುಬ್ಬಳ್ಳಿಯಿಂದ ನವಲಗುಂದ ದಾಟಿ ವಿಜಯಪುರಕ್ಕೆ ಹೋಗುವ ರಸ್ತೆ, ಅಣ್ಣಿಗೇರಿ ಮೇಲೆ ಗದಗಿಗೆ ಹೋಗುವ ರಸ್ತೆ ಬಯಲು ಸೀಮೆಯ ನೇರ ರಸ್ತೆಗಳು. ವೇಗಕ್ಕೆ ಕರೆಯುವಂಥವು. ಅಲ್ಲಿ ಸ್ಕ್ರೂಟಿನಿ ಇಲ್ಲ, ಪಂಜರ ಇಲ್ಲ, ಬದಿಯಲ್ಲಿ ಕಾಯುವ ಆಂಬುಲೆನ್ಸ್ ಇಲ್ಲ. ಎದುರಿಗೆ ಬರುವುದು ದೀಪವಿಲ್ಲದ ಟ್ರ್ಯಾಲಿ, ಹೊಲದಿಂದ ಮನೆಗೆ ಹೊರಟ ಎತ್ತಿನ ಬಂಡಿ, ಶಾಲೆ ಬಿಟ್ಟ ಮಕ್ಕಳು. ಟ್ರ್ಯಾಕಿನಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ, ಎಲ್ಲರಿಗೂ ಅಪಾಯ ಗೊತ್ತಿದೆ, ಒಪ್ಪಿ ಬಂದಿದ್ದಾರೆ. ರಸ್ತೆಯಲ್ಲಿ ಬಂಡಿಯವನು ಏನನ್ನೂ ಒಪ್ಪಿ ಬಂದಿಲ್ಲ.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ, ರಸ್ತೆಯಲ್ಲಿ ಕಿತ್ತಳೆ ಚುಕ್ಕೆಯ ಬಾವುಟ ಹಿಡಿದು ನಿಂತವರು ಯಾರೂ ಇಲ್ಲ. ನಿನ್ನ ಟಯರ್ ಬೋಳಾಗಿದೆ, ನಿನ್ನ ಬ್ರೇಕ್ ಲೈಟ್ ಉರಿಯುತ್ತಿಲ್ಲ, ನಿನ್ನ ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿದೆ, ನಿಲ್ಲು ಅಂತ ಹೇಳುವವರಿಲ್ಲ. 

ಹಾಗಾದರೆ ಆ ಬಾವುಟವನ್ನು ಹಿಡಿಯಬೇಕಾದವರು ನಾವೇ. ತಂದೆ ಹಿಡಿಯಬೇಕು, ಅಣ್ಣ ಹಿಡಿಯಬೇಕು, ಗ್ಯಾರೇಜಿನ ಉಸ್ತಾದ್ ‘ಕೀ ಇಲ್ಲೇ ಇಟ್ಟು ಹೋಗು, ನಾಳೆ ಬಾ’ ಅಂತ ಹಿಡಿಯಬೇಕು. ಮಗ ಸ್ಪೀಡಿನ ಹುಚ್ಚು ಹಚ್ಚಿಕೊಂಡಿದ್ದರೆ ಬರೀ ಬೈದರೆ ಬಿಡುವುದಿಲ್ಲ. ಅವನಿಗೆ ಟ್ರ್ಯಾಕಿನ ಲೋಕ ತೋರಿಸಿ. ಅಲ್ಲಿ ವೇಗಕ್ಕೆ ಮುಂಚೆ ಪರೀಕ್ಷೆ ಇದೆ, ಲೈಸನ್ಸ್ ಇದೆ, ತಾಳ್ಮೆ ಇದೆ ಅಂತ ತಿಳಿಯಲಿ. ಮೂಸಾ ಶರೀಫರಂಥವರು ಮೇಲೆ ಬಂದದ್ದು ಹೆದ್ದಾರಿಯಲ್ಲಿ ಪಂದ್ಯ ಕಟ್ಟಿ ಅಲ್ಲ, ಕಟ್ಟಲೆಯೊಳಗೆ ದುಡಿದು ಎಂಬುದನ್ನೂ ಹೇಳಿ.

ಅಷ್ಟರಲ್ಲಿ ಮನೆಯ ಗಾಡಿಗೆ ಒಂದು ಸ್ಕ್ರೂಟಿನಿ ಮಾಡಿಬಿಡಿ. ಬ್ರೇಕ್ ಎಣ್ಣೆ ಕೊನೆಗೆ ಬದಲಿಸಿದ್ದು ಯಾವಾಗ ಅಂತ ಕೇಳಿ. ಎರಡು ವರ್ಷ ದಾಟಿದ್ದರೆ ಈ ವಾರವೇ ಬದಲಿಸಿ. ಟಯರಿನ ಗೀರು ನೋಡಿ. ಹೆಲ್ಮೆಟಿನ ಪಟ್ಟಿ ಎಳೆದು ನೋಡಿ. ಕಾರಿನ ಹಿಂದಿನ ಸೀಟಿನ ಬೆಲ್ಟ್ ಗಾದಿಯ ಕೆಳಗೆ ಹೂತಿದ್ದರೆ ಹೊರಗೆ ತೆಗೆಯಿರಿ. ಅರ್ಧ ಗಂಟೆಯ ಕೆಲಸ. ಯಾರಾದರೂ ‘ನಡೀತೈತಿ ಬಿಡ್ರಿ’ ಅಂದರೆ, ನಡೆಯುವುದು ಮುಖ್ಯವಲ್ಲ, ಬೇಕಾದಾಗ ನಿಲ್ಲುತ್ತದೋ ಇಲ್ಲವೋ ಅದನ್ನು ಮೊದಲು ತೋರಿಸು ಅನ್ನಿ.